ವೈರಸ್ಸನ್ನು ನೆನಪಿಟ್ಟ ಹೆಲ್ಪರ್ ಟಿ ಕೋಶವನ್ನು ಹಿಡಿಯುವುದು: ಕೊಡಗಿನಲ್ಲಿ ರಕ್ತ ತೆಗೆಯುವವರಿಗೆ ಕೈಪಿಡಿ

ವೈರಸ್ ಬಂದು ಹೋದ ಮೇಲೆ ಮೈಯಲ್ಲಿ ಪ್ರತಿಕಾಯ ಎಷ್ಟಿದೆ ಎಂದು ನೋಡುವುದು ದೊಡ್ಡ ಕೆಲಸವಲ್ಲ. ಒಂದಿಷ್ಟು ಸೀರಮ್ (ಹೆಪ್ಪುಗಟ್ಟಿದ ರಕ್ತದ ಮೇಲೆ ನಿಲ್ಲುವ ತಿಳಿ), ಪ್ರೋಟೀನು ಅಳೆಯುವ ಒಂದು ಎಲೈಸಾ ಕಿಟ್ ಇದ್ದರೆ ಆಯಿತು. ಸೀರಮ್ಮನ್ನು ಫ್ರೀಜರಿನಲ್ಲಿ ವಾರಗಟ್ಟಲೆ ಇಟ್ಟರೂ ಅದು ಮುನಿಸಿಕೊಳ್ಳುವುದಿಲ್ಲ. ಆ ಪ್ರತಿಕಾಯದ ಹಿಂದೆ ನಿಂತು ಕೆಲಸ ಮಾಡಿಸಿದ ಹೆಲ್ಪರ್ ಟಿ ಕೋಶದ, ಅಂದರೆ ಉಳಿದ ರಕ್ಷಣಾ ಕೋಶಗಳನ್ನು ಕೆಲಸಕ್ಕೆ ಹಚ್ಚುವ ಬಿಳಿಕೋಶದ, ವಿಷಯ ಹಾಗಲ್ಲ. ಅದನ್ನು ಜೀವಂತವಾಗಿ ಹಿಡಿಯಬೇಕು, ವೈರಸ್ಸಿನ ತುಣುಕನ್ನು ಮತ್ತೊಮ್ಮೆ ಅದರ ಮುಂದಿಡಬೇಕು, ಅದು ಗುರುತು ಹಿಡಿದು ಕೂಗಿದ್ದನ್ನು, ಅಂದರೆ ಸಂದೇಶದ ಪ್ರೋಟೀನು ಸುರಿಸಿದ್ದನ್ನು, ಕೇಳಿಸಿಕೊಳ್ಳಬೇಕು. ಕೂಗುವ ಕೋಶಗಳು ಸಾವಿರಕ್ಕೆ ಒಂದೂ ಇರುವುದಿಲ್ಲ.

ಕೊಡಗಿನಲ್ಲಿ ರಕ್ತ ತೆಗೆದು ಮೈಸೂರಿನಲ್ಲೋ ಮಂಗಳೂರಿನಲ್ಲೋ ಫ್ಲೋ ಸೈಟೋಮೀಟರ್ (ಬಣ್ಣ ಹಚ್ಚಿದ ಕೋಶಗಳನ್ನು ಒಂದೊಂದಾಗಿ ಓದುವ ಯಂತ್ರ) ಇರುವ ಪ್ರಯೋಗಾಲಯಕ್ಕೆ ಒಯ್ಯುವ ವಿದ್ಯಾರ್ಥಿಗಳಿಗೆ, ಟೆಕ್ನೀಷಿಯನ್ನರಿಗೆ ಈ ಕ್ರಮ. ಉದಾಹರಣೆಗೆ ಕೋವಿಡ್ ವೈರಸ್ಸನ್ನು ಹಿಡಿದುಕೊಂಡಿದ್ದೇವೆ. ಡೆಂಗಿಗೋ ಫ್ಲೂಗೋ ಪೆಪ್ಟೈಡ್ (ವೈರಸ್ಸಿನ ಪ್ರೋಟೀನಿನ ಚಿಕ್ಕ ತುಂಡು) ಮಾತ್ರ ಬದಲಾಗುತ್ತದೆ, ಉಳಿದದ್ದು ಇದೇ. ಒಂದು ಮಾತನ್ನು ಮೊದಲೇ ಹೇಳಿಬಿಡಬೇಕು: ಈ ಪರೀಕ್ಷೆ ಹೆಚ್ಚಾಗಿ ಯಂತ್ರದ ಮುಂದೆ ಕೆಡುವುದಲ್ಲ, ಜೀಪಿನಲ್ಲೇ ಕೆಟ್ಟು ಬಂದಿರುತ್ತದೆ.

ಏನನ್ನು ಹುಡುಕುತ್ತೇವೆ

ವೈರಸ್ ಒಳಹೊಕ್ಕ ಜಾಗದಲ್ಲಿ ಡೆಂಡ್ರಿಟಿಕ್ ಕೋಶಗಳು ಅದನ್ನು ನುಂಗಿ, ಅದರ ಪ್ರೋಟೀನುಗಳನ್ನು ತುಂಡರಿಸಿ, ಹತ್ತಿರದ ದುಗ್ಧಗ್ರಂಥಿಗೆ ಹೊತ್ತೊಯ್ಯುತ್ತವೆ. ಅಲ್ಲಿ ಆ ತುಂಡುಗಳನ್ನು ಎರಡನೇ ದರ್ಜೆಯ ಎಚ್‌ಎಲ್‌ಎ ಅಣುಗಳ, ಅಂದರೆ ಕೋಶದ ಮೈಮೇಲಿನ ಪ್ರದರ್ಶನ ತಟ್ಟೆಗಳ, ಮೇಲಿಟ್ಟು ಹೆಲ್ಪರ್ ಕೋಶಗಳಿಗೆ ತೋರಿಸುತ್ತವೆ. ಈ ಅಣುವಿನ ಹಳ್ಳಕ್ಕೆ ಎರಡೂ ತುದಿಯಲ್ಲಿ ತಡೆಯಿಲ್ಲ. ಹಾಗಾಗಿ 13ರಿಂದ 25 ಅಮೈನೋ ಆಮ್ಲಗಳಷ್ಟು ಉದ್ದದ ತುಂಡೂ ಅದರಲ್ಲಿ ಕೂರುತ್ತದೆ. ಸಿಡಿ8 ಕೋಶಗಳಿಗೆ (ಸೋಂಕು ತಗುಲಿದ ಕೋಶಗಳನ್ನು ಕೊಲ್ಲುವ ಟಿ ಕೋಶಗಳಿಗೆ) ತೋರಿಸುವ ಒಂದನೇ ದರ್ಜೆಯ ಅಣುವಿನಲ್ಲಿ 8ರಿಂದ 10ರಷ್ಟು ಉದ್ದದ್ದು ಮಾತ್ರ ಹಿಡಿಸುತ್ತದೆ. ನಾವು ಮುಂದೆ 15 ಅಮೈನೋ ಆಮ್ಲದ ಪೆಪ್ಟೈಡ್ ಬಳಸುವುದು ಈ ಕಾರಣಕ್ಕೆ.

ಒಂದು ನಿರ್ದಿಷ್ಟ ತುಂಡಿಗೆ ಸರಿಹೊಂದುವ, ಇನ್ನೂ ವೈರಸ್ ಕಾಣದ ಸಿಡಿ4 ಕೋಶಗಳು, ಅಂದರೆ ಹೆಲ್ಪರ್ ಕೋಶಗಳು, ಹತ್ತು ಲಕ್ಷಕ್ಕೆ ಬೆರಳೆಣಿಕೆಯಷ್ಟು. ತುಂಡು ಹೊಂದಿತು, ಕೋಶದ ಮೈಮೇಲಿನ ಸಿಡಿ28 ಎಂಬ ಪ್ರೋಟೀನಿನ ಮೂಲಕ ಎರಡನೇ ಒಪ್ಪಿಗೆಯೂ ಸಿಕ್ಕಿತು ಎಂದರೆ ಕೋಶ ದಿನಕ್ಕೆ ಹಲವು ಬಾರಿ ಇಬ್ಭಾಗವಾಗುತ್ತಾ ಹೋಗುತ್ತದೆ. ಸುತ್ತ ಐಎಲ್-12 ಎಂಬ ಸಂದೇಶದ ಪ್ರೋಟೀನು ಹೆಚ್ಚಿದ್ದರೆ ಅದು ಟಿಎಚ್1 ಎಂಬ ಬಗೆಯ ಹೆಲ್ಪರ್ ಆಗಿ, ಅಂಥದ್ದೇ ಸಂದೇಶಗಳಾದ ಇಂಟರ್‌ಫೆರಾನ್ ಗಾಮಾ, ಐಎಲ್-2, ಟಿಎನ್‌ಎಫ್ ಸುರಿಸುತ್ತದೆ. ಬಿಸಿಎಲ್6 ಎಂಬ ಜೀನು ಮೇಲುಗೈ ಪಡೆದರೆ ಫಾಲಿಕ್ಯುಲರ್ ಹೆಲ್ಪರ್ ಆಗಿ ಬಿ ಕೋಶಗಳ ಬಳಿ ಹೋಗಿ, ಸಿಡಿ40 ಲೈಗ್ಯಾಂಡ್ ಮತ್ತು ಐಎಲ್-21 ಕೊಟ್ಟು, ಒಳ್ಳೆಯ ಪ್ರತಿಕಾಯ ಮಾಡಿಸುತ್ತದೆ. ಒಂದೆರಡು ವಾರದಲ್ಲಿ ಸಂಖ್ಯೆ ತುದಿಗೇರಿ, ಆಮೇಲೆ ಹೆಚ್ಚಿನವು ಸಾಯುತ್ತವೆ. ಉಳಿದವು ನೆನಪಿನ ಕೋಶಗಳು. ರಕ್ತದಲ್ಲಿ ನಾವು ಹುಡುಕುವುದು ಇವನ್ನೇ.

ಆಸ್ಪತ್ರೆಯ ರಿಪೋರ್ಟಿನಲ್ಲಿ ಬರುವ ಸಿಡಿ4 ಕೌಂಟ್ ಇದಲ್ಲ. ಅದು ಒಂದು ಮೈಕ್ರೋಲೀಟರ್ ರಕ್ತದಲ್ಲಿ ಒಟ್ಟು ಎಷ್ಟು ಹೆಲ್ಪರ್ ಕೋಶಗಳಿವೆ ಎಂದು ಹೇಳುತ್ತದೆ. ಆರೋಗ್ಯವಂತರಲ್ಲಿ ಸುಮಾರು 500ರಿಂದ 1,500. ಅವುಗಳಲ್ಲಿ ಯಾವ ಕೋಶಕ್ಕೆ ಯಾವ ವೈರಸ್ ಗೊತ್ತು ಎಂಬುದನ್ನು ಅದು ಹೇಳುವುದಿಲ್ಲ.

ಯಾರಿಂದ, ಯಾವಾಗ, ಎಷ್ಟು ರಕ್ತ

ಸಾಂಸ್ಥಿಕ ನೈತಿಕ ಸಮಿತಿಯ ಒಪ್ಪಿಗೆ ಕೈಯಲ್ಲಿಲ್ಲದೆ ಸೂಜಿ ಮುಟ್ಟಬೇಡಿ. ಐಸಿಎಂಆರ್ ಎಂಬ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಒಪ್ಪಿಗೆ ಪತ್ರ ರಕ್ತ ಕೊಡುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕೊಡಗಿನಲ್ಲಿ ಕನ್ನಡದ ಒಂದು ಹಾಳೆ ಅಚ್ಚು ಹಾಕಿಸಿದರೆ ಮುಗಿಯಿತು ಎಂದುಕೊಳ್ಳುವುದು ತಪ್ಪು. ಕಾಫಿ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಎರವ, ಜೇನುಕುರುಬ, ತಮಿಳು, ಮಲಯಾಳ ಮಾತಾಡುವವರಿದ್ದಾರೆ, ಅಸ್ಸಾಂ ಕಡೆಯಿಂದ ಬಂದವರೂ ಇದ್ದಾರೆ. ತೋಟದ ಮಾಲೀಕರೋ ಲೆಕ್ಕ ಬರೆಯುವ ರೈಟರೋ ಪಕ್ಕದಲ್ಲಿ ನಿಂತಿರುವಾಗ ಕೇಳಿದ ಒಪ್ಪಿಗೆಯನ್ನು ಒಪ್ಪಿಗೆ ಎನ್ನಲಾಗದು. ಬೇರೆ ಕಡೆ ಕರೆದು ಕೇಳಿ.

ವಯಸ್ಕರಿಂದ 20 ಮಿ.ಲೀ. ಸಾಕು. ಒಂದು ಮಿ.ಲೀ. ರಕ್ತಕ್ಕೆ 10ರಿಂದ 20 ಲಕ್ಷ ಬಿಳಿಕೋಶಗಳು, ಅಂದರೆ ಲಿಂಫೋಸೈಟ್ ಮತ್ತು ಮಾನೋಸೈಟ್ ಸೇರಿ, ಸಿಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ಸೋಡಿಯಂ ಹೆಪಾರಿನ್ ಇರುವ ಹಸಿರು ಮುಚ್ಚಳದ 10 ಮಿ.ಲೀ. ಟ್ಯೂಬು ಎರಡು ತೆಗೆದುಕೊಳ್ಳಿ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬು ಕ್ಯಾಲ್ಸಿಯಮ್ಮನ್ನು ಕಟ್ಟಿಹಾಕುತ್ತದೆ, ಟಿ ಕೋಶ ಎಚ್ಚರಗೊಳ್ಳಲು ಕ್ಯಾಲ್ಸಿಯಂ ಬೇಕೇ ಬೇಕು. ಚೆನ್ನಾಗಿ ತೊಳೆದರೆ ಇಡಿಟಿಎ ರಕ್ತದಲ್ಲೂ ಕೆಲಸ ನಡೆಯುತ್ತದೆ, ಆದರೆ ಬೇಡದ ರಗಳೆ ಯಾಕೆ.

21 ಗೇಜ್ ಸೂಜಿ. ಸ್ಪಿರಿಟ್ ಪೂರ್ತಿ ಆರಿದ ಮೇಲೆ ಚುಚ್ಚಿ, ಒದ್ದೆ ಇದ್ದರೆ ಕೆಂಪುಕೋಶ ಒಡೆಯುತ್ತದೆ. ತೋಳಿನ ಪಟ್ಟಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಬಿಗಿಯಬೇಡಿ. ಟ್ಯೂಬು ತುಂಬಿದ ಕೂಡಲೇ ಎಂಟು ಹತ್ತು ಬಾರಿ ಮೆಲ್ಲಗೆ ತಲೆಕೆಳಗೆ ಮಾಡಿ. ಕುಲುಕಬೇಡಿ. ಈ ಹತ್ತು ಸೆಕೆಂಡಿನ ಕೆಲಸ ಮರೆತರೆ ಕಣ್ಣಿಗೆ ಕಾಣದ ಸಣ್ಣ ಹೆಪ್ಪುಗಳು ಕಟ್ಟಿ, ಬಿಳಿಕೋಶಗಳು ಅವುಗಳಲ್ಲಿ ಸಿಕ್ಕಿಬಿದ್ದು, ಮಧ್ಯಾಹ್ನ ಎಣಿಸುವಾಗ ಅರ್ಧ ಲೆಕ್ಕ ಸಿಗುವುದಿಲ್ಲ. ಉಪವಾಸದ ಅಗತ್ಯವಿಲ್ಲ. ಕಡಂಬುಟ್ಟು ಪಂದಿಕರಿ ಹೊಡೆದು ಬಂದವರ ಪ್ಲಾಸ್ಮಾ ಹಾಲು ಬೆರೆಸಿದಂತೆ ಕಾಣಬಹುದು. ಕೋಶಗಳಿಗೆ ಅದರಿಂದ ತೊಂದರೆಯಿಲ್ಲ, ಪ್ಲಾಸ್ಮಾವನ್ನು ಬೇರೆ ಪರೀಕ್ಷೆಗೆ ಎತ್ತಿಡುವುದಾದರೆ ಮಾತ್ರ ನೋಟ್ ಮಾಡಿಕೊಳ್ಳಿ.

ಒಬ್ಬರಿಂದಲೇ ಹಲವು ಬಾರಿ ತೆಗೆಯುವುದಾದರೆ ಪ್ರತಿ ಸಲವೂ ದಿನದ ಅದೇ ಹೊತ್ತಿಗೆ ತೆಗೆಯಿರಿ. ರಕ್ತದಲ್ಲಿರುವ ಹೆಲ್ಪರ್ ಕೋಶಗಳ ಸಂಖ್ಯೆ ಬೆಳಗಿನಲ್ಲಿ ಕಡಿಮೆ, ರಾತ್ರಿಗೆ ಹೆಚ್ಚು, ಅದು ಕಾರ್ಟಿಸಾಲ್‌ನ ಆಟ. ಲಸಿಕೆಯ ನಂತರವಾದರೆ ಲಸಿಕೆಗೆ ಮುಂಚೆ ಒಮ್ಮೆ, 7ನೇ ದಿನ, 14ನೇ ದಿನ, 28ನೇ ದಿನ. ಫಾಲಿಕ್ಯುಲರ್ ಹೆಲ್ಪರ್‌ಗಳ ರಕ್ತದಲ್ಲಿನ ಬಂಧುಗಳನ್ನು ನೋಡಬೇಕಿದ್ದರೆ 7ನೇ ದಿನ ತಪ್ಪಿಸಬೇಡಿ. ಜ್ವರ ಇರುವಾಗಲೇ ತೆಗೆಯುವುದಾದರೆ ಜೊತೆಗೆ ಸಿಬಿಸಿ (ರಕ್ತಕೋಶಗಳ ಪೂರ್ತಿ ಎಣಿಕೆ) ಮಾಡಿಸಿ. ಡೆಂಗಿಯಂಥ ಜ್ವರದಲ್ಲಿ ಬಿಳಿಕೋಶಗಳೇ ಇಳಿದುಬಿಟ್ಟಿರುತ್ತವೆ, ಆಗ ಶೇಕಡಾವಾರು ನೋಡಿ ಖುಷಿಪಟ್ಟರೆ ಮೋಸ ಹೋಗುತ್ತೀರಿ. ಪ್ಲೇಟ್‌ಲೆಟ್ ಇಳಿದವರಿಂದ ಸಂಶೋಧನೆಗೆಂದು 20 ಮಿ.ಲೀ. ಕೇಳುವುದು ಬೇಡ. ಸ್ಟೀರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ ಎಂದೂ ಕೇಳಿ.

ಘಾಟಿ ಇಳಿಯುವ ಮುಂಚೆ

ರಕ್ತ ತೆಗೆದ ಗಳಿಗೆಯಿಂದ 8 ಗಂಟೆಯೊಳಗೆ ಕೋಶ ಬೇರ್ಪಡಿಸಬೇಕು. 24 ಗಂಟೆ ಕಳೆದ ರಕ್ತದಿಂದಲೂ ಕೋಶ ಸಿಗುತ್ತದೆ, ಆದರೆ ಅದು ಬೇರೆಯದೇ ಕೋಶ. ಹಳೆಯ ರಕ್ತದಲ್ಲಿ ಗ್ರಾನ್ಯುಲೋಸೈಟುಗಳು (ಬಿಳಿಕೋಶಗಳ ಇನ್ನೊಂದು ಬಗೆ) ಕೆರಳಿ ಹಗುರವಾಗುತ್ತವೆ. ಬೇರ್ಪಡಿಸುವಾಗ ತಳಕ್ಕೆ ಹೋಗಬೇಕಾದವು ನಮಗೆ ಬೇಕಾದ ಕೋಶಗಳ ಬಿಳಿ ಪದರಕ್ಕೆ ಬಂದು ಸೇರಿಕೊಂಡು, ಆರ್ಜಿನೇಸ್ ಎಂಬ ಕಿಣ್ವ ಬಿಟ್ಟು, ಟಿ ಕೋಶದ ಬಾಯಿ ಮುಚ್ಚಿಸುತ್ತವೆ. ಕೊನೆಯಲ್ಲಿ ಯಂತ್ರ ಹೇಳುವುದು «ಪ್ರತಿಕ್ರಿಯೆ ಇಲ್ಲ» ಎಂದು. ತಪ್ಪು ರಕ್ತ ಕೊಟ್ಟವರದ್ದಲ್ಲ, ಪ್ರಯಾಣದ್ದು.

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಸಲೀಸಾಗಿದ್ದರೆ ಮೂರು ಗಂಟೆ. ಮಂಗಳೂರಿಗೆ ಸುಮಾರು 140 ಕಿ.ಮೀ., ಆದರೆ ನಡುವೆ ಸಂಪಾಜೆ ಘಾಟಿ ಇದೆ. 2018ರ ಆಗಸ್ಟಿನ ಭೂಕುಸಿತದಲ್ಲಿ ಆ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕೆಲಸಕ್ಕೆ ಕುಶಾಲನಗರ, ಹುಣಸೂರಿನ ದಾರಿಯನ್ನೇ ಲೆಕ್ಕಕ್ಕೆ ಇಟ್ಟುಕೊಳ್ಳುವುದು ಜಾಣತನ. ಭಾಗಮಂಡಲ, ನಾಪೋಕ್ಲು ಕಡೆಯ ಮಾದರಿಗಳನ್ನು ಮೊದಲು ತೆಗೆದು, ಮಡಿಕೇರಿಯದ್ದನ್ನು ಕೊನೆಗೆ ತೆಗೆದು ಹೊರಡಿ. ಉಲ್ಟಾ ಮಾಡಿದರೆ ಮಡಿಕೇರಿಯ ಟ್ಯೂಬು ಸುಮ್ಮನೆ ಊರು ಸುತ್ತುತ್ತದೆ.

ಈಗ ಐಸಿನ ವಿಷಯ. ರಕ್ತ ಎಂದ ಕೂಡಲೇ ಐಸ್ ಪ್ಯಾಕ್ ಹುಡುಕುವ ಅಭ್ಯಾಸ ಲಸಿಕೆ ಡಬ್ಬಿಯಿಂದ ಬಂದದ್ದು. ಇಲ್ಲಿ ಐಸ್ ಶತ್ರು. ರಕ್ತ 18ರಿಂದ 25 ಡಿಗ್ರಿಯಲ್ಲಿರಬೇಕು. ತಣ್ಣಗಾದರೆ ಪ್ಲೇಟ್‌ಲೆಟ್‌ಗಳು ಕೆರಳಿ ಕೋಶಗಳಿಗೆ ಅಂಟಿಕೊಳ್ಳುತ್ತವೆ, ಕೋಶಗಳ ಸಾಂದ್ರತೆಯೂ ಏರುಪೇರಾಗುತ್ತದೆ. ಆಟಿ ತಿಂಗಳ ಮಳೆಯಲ್ಲಿ ಮಡಿಕೇರಿಯ ಹೊರಗಾಳಿಯೇ 18ರ ಆಸುಪಾಸು, ಪರದೆ ಕಟ್ಟಿದ ಜೀಪಿನ ಹಿಂದೆ ಇಟ್ಟರೆ ರಕ್ತವೂ ಅಲ್ಲಿಗೇ ಇಳಿಯುತ್ತದೆ. ಮಾರ್ಚ್‌ನಲ್ಲಿ ಮಂಗಳೂರಿಗೆ ಇಳಿದರೆ ಅದೇ ಡಬ್ಬಿ 32 ದಾಟುತ್ತದೆ. ಎರಡಕ್ಕೂ ಮದ್ದು ಒಂದೇ: ಜೆಲ್ ಪ್ಯಾಕುಗಳನ್ನು ಹಿಂದಿನ ರಾತ್ರಿಯೇ 22 ಡಿಗ್ರಿಯ ಕೋಣೆಯಲ್ಲಿಟ್ಟು, ದಪ್ಪ ಥರ್ಮೋಕೋಲ್ ಪೆಟ್ಟಿಗೆಯ ನಾಲ್ಕೂ ಬದಿಗೆ ಇಡಿ. ನಡುವೆ ಸ್ಪಂಜಿನಲ್ಲಿ ತೂತು ಕೊರೆದು ಟ್ಯೂಬುಗಳನ್ನು ನೆಟ್ಟಗೆ ನಿಲ್ಲಿಸಿ. ಒಳಗೆ ಒಂದು ತಾಪಮಾನ ಲಾಗರ್ ಇರಲಿ. ತೋಟದ ಕಲ್ಲುದಾರಿಯಲ್ಲಿ ಡಬ್ಬಿಯನ್ನು ಯಾರಾದರೂ ತೊಡೆಯ ಮೇಲಿಟ್ಟುಕೊಳ್ಳಿ. ತಲುಪಿದ ಮೇಲೆ ಪ್ಲಾಸ್ಮಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಕೆಂಪುಕೋಶ ಒಡೆದಿದೆ ಎಂದರ್ಥ, ಆ ಟ್ಯೂಬಿನ ಸಂಖ್ಯೆಯ ಮುಂದೆ ಗುರುತು ಹಾಕಿ.

ಫೈಕಾಲ್ ಮೇಲೆ ತೇಲಿಸುವುದು

ಹಣ್ಣು ಕಾಫಿಯನ್ನು ನೀರಿಗೆ ಸುರಿದಾಗ ಜೊಳ್ಳು ತೇಲಿ ಗಟ್ಟಿ ಹಣ್ಣು ಮುಳುಗುವುದನ್ನು ಕಂಡವರಿಗೆ, ಕೋಶಗಳನ್ನು ಸಾಂದ್ರತೆಯಂತೆ ಬೇರ್ಪಡಿಸುವ ಫೈಕಾಲ್ ಎಂಬ ದ್ರವವನ್ನು ವಿವರಿಸಬೇಕಿಲ್ಲ. ಅದರ ಸಾಂದ್ರತೆ ಒಂದು ಮಿ.ಲೀ.ಗೆ 1.077 ಗ್ರಾಂ. ಕೆಂಪುಕೋಶ, ಗ್ರಾನ್ಯುಲೋಸೈಟುಗಳು ಅದಕ್ಕಿಂತ ಭಾರ, ಮುಳುಗುತ್ತವೆ. ಲಿಂಫೋಸೈಟ್, ಮಾನೋಸೈಟುಗಳು ಹಗುರ, ಮೇಲೆ ನಿಲ್ಲುತ್ತವೆ. ಇಲ್ಲಿ ನಮಗೆ ಬೇಕಾದದ್ದು ತೇಲುವುದು, ಅಷ್ಟೇ ವ್ಯತ್ಯಾಸ.

ಆ 1.077 ಎಂಬ ಅಂಕಿ 20 ಡಿಗ್ರಿಗೆ ಹೇಳಿದ್ದು. ಫ್ರಿಜ್ಜಿನಿಂದ ತೆಗೆದ ಬಾಟಲಿಯನ್ನು ಹಾಗೇ ಬಳಸಿದರೆ ದ್ರವ ಹೆಚ್ಚು ಸಾಂದ್ರವಾಗಿದ್ದು ಕೆಂಪುಕೋಶ, ಗ್ರಾನ್ಯುಲೋಸೈಟುಗಳು ಪೂರ್ತಿ ಇಳಿಯುವುದಿಲ್ಲ, ಬಿಳಿ ಉಂಗುರ ಕೆಂಪಗೆ ಬರುತ್ತದೆ. ಎಸಿ ಇಲ್ಲದ ಕೋಣೆಯಲ್ಲಿ 32 ಡಿಗ್ರಿಗೆ ಬಿಸಿಯಾಗಿದ್ದರೆ ದ್ರವ ತೆಳುವಾಗಿ ಲಿಂಫೋಸೈಟುಗಳೂ ಮುಳುಗುತ್ತವೆ, ಇಳುವರಿ ಹೋಗುತ್ತದೆ. ಬಾಟಲಿಗೆ ಥರ್ಮಾಮೀಟರ್ ತೋರಿಸಿಯೇ ಶುರು ಮಾಡಿ.

50 ಮಿ.ಲೀ. ಟ್ಯೂಬು ಎರಡು. ಪ್ರತಿಯೊಂದಕ್ಕೂ 15 ಮಿ.ಲೀ. ಫೈಕಾಲ್. 10 ಮಿ.ಲೀ. ರಕ್ತಕ್ಕೆ 10 ಮಿ.ಲೀ. ಪಿಬಿಎಸ್ (ಕೋಶಕ್ಕೆ ಹಾನಿ ಮಾಡದ ಉಪ್ಪಿನ ದ್ರಾವಣ) ಬೆರೆಸಿ, ಟ್ಯೂಬನ್ನು ಓರೆ ಹಿಡಿದು, ಗೋಡೆಯ ಗುಂಟ ಹನಿಹನಿಯಾಗಿ ಫೈಕಾಲ್ ಮೇಲೆ ಇಳಿಸಿ. ಎರಡು ದ್ರವಗಳ ನಡುವಿನ ಗೆರೆ ಕತ್ತರಿಸಿದಂತೆ ಕಾಣಬೇಕು. ಸೆಂಟ್ರಿಫ್ಯೂಜಿನಲ್ಲಿ 400 ಜಿ ಬಲದಲ್ಲಿ 30 ನಿಮಿಷ, 20 ಡಿಗ್ರಿ, ಬ್ರೇಕ್ ಬಂದ್. ಬ್ರೇಕ್ ಹಾಕಿದರೆ ಕೊನೆಯ ಕ್ಷಣದ ಜಗ್ಗಿಗೆ ಪದರಗಳು ಕಲಸಿಹೋಗುತ್ತವೆ.

ಜಿ ಎಂದರೆ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಅಲ್ಲ. ಹಳೆಯ ಸೆಂಟ್ರಿಫ್ಯೂಜುಗಳಲ್ಲಿ ಆರ್‌ಪಿಎಂ ಗುಂಡಿ ಮಾತ್ರ ಇರುತ್ತದೆ, ಒಬ್ಬರು ಬರೆದುಕೊಂಡ 1,500ನ್ನೇ ಎಲ್ಲರೂ ನಕಲು ಮಾಡುತ್ತಾರೆ. ಲೆಕ್ಕ ಹೀಗೆ: ಜಿ ಬಲ ಎಂದರೆ 0.00001118 ಗುಣಿಸು ರೋಟರಿನ ತ್ರಿಜ್ಯ ಸೆಂಟಿಮೀಟರಿನಲ್ಲಿ, ಗುಣಿಸು ಆರ್‌ಪಿಎಂನ ವರ್ಗ. ತ್ರಿಜ್ಯ 16 ಸೆಂ.ಮೀ. ಇದ್ದರೆ 1,500ಕ್ಕೆ 400 ಜಿ ಬರುತ್ತದೆ. ಅದೇ 1,500 ಅನ್ನು 10 ಸೆಂ.ಮೀ. ತ್ರಿಜ್ಯದ ಪುಟ್ಟ ಯಂತ್ರದಲ್ಲಿ ಹಾಕಿದರೆ ಬರುವುದು 250 ಮಾತ್ರ. ಕೆಂಪುಕೋಶ ಅರ್ಧದಲ್ಲೇ ನಿಲ್ಲುತ್ತದೆ. ಸ್ಕೇಲ್ ತೆಗೆದುಕೊಂಡು ನಿಮ್ಮ ರೋಟರನ್ನು ಅಳೆಯಿರಿ, ಮುಚ್ಚಳದ ಮೇಲೆ ಬರೆದು ಅಂಟಿಸಿ.

ತಿರುಗಿ ನಿಂತ ಮೇಲೆ ಮೇಲಿನಿಂದ ಹಳದಿ ಪ್ಲಾಸ್ಮಾ, ಅದರ ಕೆಳಗೆ ಮಂಜು ಕಟ್ಟಿದಂತೆ ಒಂದು ಬಿಳಿ ಉಂಗುರ, ಆಮೇಲೆ ತಿಳಿಯಾದ ಫೈಕಾಲ್, ತಳದಲ್ಲಿ ಕೆಂಪು. ಉಂಗುರವನ್ನಷ್ಟೇ ಪಿಪೆಟ್ಟಿನಲ್ಲಿ ಸುತ್ತ ಸವರಿದಂತೆ ಎಳೆದುಕೊಳ್ಳಿ. ಆಸೆಬುರುಕರಾಗಿ ಫೈಕಾಲನ್ನೂ ಎಳೆದರೆ ದ್ರವ ಭಾರವಾಗಿ ಮುಂದಿನ ತೊಳೆತದಲ್ಲಿ ಕೋಶಗಳು ತಳಕ್ಕೆ ಕೂರುವುದೇ ಇಲ್ಲ. ಎಳೆದದ್ದಕ್ಕೆ ಮೂರು ಪಟ್ಟು ಪಿಬಿಎಸ್ ಸೇರಿಸಿ 300 ಜಿ, 10 ನಿಮಿಷ. ಎರಡನೇ ತೊಳೆತ 200 ಜಿ, 10 ನಿಮಿಷ. ಬಲ ಕಡಿಮೆ ಮಾಡುವುದು ಪ್ಲೇಟ್‌ಲೆಟ್‌ಗಳು ಮೇಲೆಯೇ ಉಳಿದು ಚೆಲ್ಲಿಹೋಗಲಿ ಎಂದು.

10 ಮಿ.ಲೀ. ಆರ್‌ಪಿಎಂಐ ಎಂಬ ಪೋಷಕ ಮಾಧ್ಯಮದಲ್ಲಿ, ಅಂದರೆ 10 ಶೇಕಡಾ ಸೀರಮ್ ಸೇರಿಸಿದ್ದರಲ್ಲಿ, ಕೋಶಗಳನ್ನು ಕದಡಿ. 10 ಮೈಕ್ರೋಲೀಟರಿಗೆ ಅಷ್ಟೇ ಟ್ರಿಪಾನ್ ನೀಲಿ ಸೇರಿಸಿ ಎಣಿಕೆ ಗಾಜಿನಲ್ಲಿ ನಾಲ್ಕು ಮೂಲೆ ಚೌಕ ಎಣಿಸಿ. ಸರಾಸರಿ 120 ಬಂದರೆ, 120 ಗುಣಿಸು 2 ಗುಣಿಸು 10,000, ಮಿ.ಲೀ.ಗೆ 24 ಲಕ್ಷ, ಒಟ್ಟು 2.4 ಕೋಟಿ. 20 ಮಿ.ಲೀ. ರಕ್ತಕ್ಕೆ ಇದು ಒಳ್ಳೆಯ ಲೆಕ್ಕ. ನೀಲಿ ಕುಡಿದ ಸತ್ತ ಕೋಶ ತಾಜಾ ರಕ್ತದಲ್ಲಿ ನೂರಕ್ಕೆ ಐದು ಮೀರಬಾರದು.

ಪೆಪ್ಟೈಡ್: ಎಲ್ಲರೂ ಎಡವುವ ಕಡೆ

ಕೋವಿಡ್ ವೈರಸ್ಸಿನ ಸ್ಪೈಕ್ ಪ್ರೋಟೀನಿನಲ್ಲಿ 1,273 ಅಮೈನೋ ಆಮ್ಲಗಳಿವೆ. 15ರ ಉದ್ದದ ತುಂಡುಗಳು, ಒಂದಕ್ಕೊಂದು 11 ಅತಿಕ್ರಮಿಸುವಂತೆ ಕತ್ತರಿಸಿದರೆ 315 ಪೆಪ್ಟೈಡ್ ಆಗುತ್ತದೆ. ಬೇರೆ ಬೇರೆ ಪೆಪ್ಟೈಡನ್ನು ಮಿ.ಲೀ.ಗೆ 10 ಮಿ.ಗ್ರಾಂ.ನಂತೆ ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ, ಒಂದೊಂದು ಮೈಕ್ರೋಲೀಟರ್ ತೆಗೆದು ಬೆರೆಸೋಣ ಎಂದು ಹೊರಡುವವರು ಲೆಕ್ಕ ಹಾಕಿ ನೋಡಲಿ. ಪ್ರತಿ ಪೆಪ್ಟೈಡೂ 315ರಲ್ಲಿ ಒಂದು ಭಾಗಕ್ಕೆ ಇಳಿದು, ಮಿ.ಲೀ.ಗೆ 32 ಮೈಕ್ರೋಗ್ರಾಂ ಉಳಿಯುತ್ತದೆ. ನಮಗೆ ಬೇಕಾದ 1 ಮೈಕ್ರೋಗ್ರಾಂಗೆ ತರಲು 32 ಪಟ್ಟು ಮಾತ್ರ ತೆಳುಮಾಡಬಹುದು, ಆಗ ಕೋಶ ಹಾಕುವ ತಟ್ಟೆಯ ಬಾವಿಯಲ್ಲಿ (ಚಿಕ್ಕ ಗುಳಿಯಲ್ಲಿ) ಡಿಎಂಎಸ್‌ಒ ಶೇಕಡಾ 3 ದಾಟುತ್ತದೆ. ಕೋಶ ಸಾಯುತ್ತದೆ. ಅರ್ಧ ಶೇಕಡಾ ಮೀರಬಾರದು, 0.2 ಇದ್ದರೆ ನೆಮ್ಮದಿ.

ಅದಕ್ಕೇ ಎಲ್ಲ ಪೆಪ್ಟೈಡುಗಳನ್ನು ಮೊದಲೇ ಬೆರೆಸಿ ಒಣಗಿಸಿದ ಪೂಲ್ ಕೊಳ್ಳಬೇಕು. ಸ್ಪೈಕ್ ಸಾಮಾನ್ಯವಾಗಿ 158 ಮತ್ತು 157ರ ಎರಡು ಶೀಷೆಯಲ್ಲಿ ಬರುತ್ತದೆ. ಪೆಪ್ಟೈಡಿಗೆ 25 ಮೈಕ್ರೋಗ್ರಾಂ ಇರುವ ಶೀಷೆಗೆ 50 ಮೈಕ್ರೋಲೀಟರ್ ಡಿಎಂಎಸ್‌ಒ ಹಾಕಿದರೆ ಮಿ.ಲೀ.ಗೆ 500 ಮೈಕ್ರೋಗ್ರಾಂ. ಇದರ 10 ಮೈಕ್ರೋಲೀಟರನ್ನು 490 ಮಾಧ್ಯಮಕ್ಕೆ ಸೇರಿಸಿ. 180 ಮೈಕ್ರೋಲೀಟರ್ ಕೋಶಕ್ಕೆ ಇದರ 20 ಹಾಕಿದರೆ ಪೆಪ್ಟೈಡ್ ಮಿ.ಲೀ.ಗೆ 1 ಮೈಕ್ರೋಗ್ರಾಂ, ಡಿಎಂಎಸ್‌ಒ 0.2 ಶೇಕಡಾ. ಶೀಷೆಯಿಂದ ನೇರವಾಗಿ ಬಾವಿಗೆ 0.4 ಮೈಕ್ರೋಲೀಟರ್ ಹಾಕುವ ಸಾಹಸ ಬೇಡ, ಯಾವ ಪಿಪೆಟ್ಟೂ ಅದನ್ನು ನಂಬಿಕೆಯಿಂದ ಅಳೆಯದು. ಉಳಿದದ್ದನ್ನು ಚಿಕ್ಕ ಚಿಕ್ಕ ಪಾಲು ಮಾಡಿ ಮೈನಸ್ 80ರಲ್ಲಿಡಿ. ಕರಗಿಸಿ ಹೆಪ್ಪುಗಟ್ಟಿಸುವ ಆಟ ಒಂದೇ ಸಲ.

ಆರು ಗಂಟೆಯ ಕೆಲಸ

96 ಬಾವಿಯ, ತಳ ದುಂಡಗಿರುವ ತಟ್ಟೆ. ಬಾವಿಗೆ 10 ಲಕ್ಷ ಕೋಶ, 180 ಮೈಕ್ರೋಲೀಟರಿನಲ್ಲಿ. ಯಾವ ಬಾವಿಗೆ ಏನು ಎಂಬುದು ಮುಖ್ಯ: ಡಿಎಂಎಸ್‌ಒ ಮಾತ್ರ ಇರುವ ಬಾವಿ ಎರಡು ಅಥವಾ ಮೂರು, ಸ್ಪೈಕಿನ ಎರಡು ಪೂಲ್‌ಗೆ ಒಂದೊಂದು, ಅದೇ ವೈರಸ್ಸಿನ ಎಂ ಮತ್ತು ಎನ್ ಪ್ರೋಟೀನಿಗೆ ಒಂದೊಂದು, ಸಿಎಂವಿ ಪೆಪ್ಟೈಡಿಗೆ ಒಂದು, ಟಿ ಕೋಶಗಳನ್ನು ಒಟ್ಟಾರೆ ಎಬ್ಬಿಸುವ ಎಸ್‌ಇಬಿ ಎಂಬ ಸ್ಟ್ಯಾಫಿಲೋಕಾಕಸ್ ವಿಷಕ್ಕೆ ಒಂದು, ಮಿ.ಲೀ.ಗೆ 1 ಮೈಕ್ರೋಗ್ರಾಂ. ಸಿಎಂವಿ ಎಂಬ ವೈರಸ್ ನಮ್ಮ ದೇಶದ ಬಹುಪಾಲು ವಯಸ್ಕರ ಮೈಯಲ್ಲಿ ಮೊದಲೇ ತಂಗಿರುತ್ತದೆ, ಹಾಗಾಗಿ ಅದು ಒಳ್ಳೆಯ ಸಾಕ್ಷಿ. ಡಿಎಂಎಸ್‌ಒ ಬಾವಿಗೂ ಅಷ್ಟೇ 0.2 ಶೇಕಡಾ ಹಾಕಿರಬೇಕು. ಬರೀ ಮಾಧ್ಯಮ ಹಾಕಿ ಅದನ್ನೇ ಕಂಟ್ರೋಲ್ ಎಂದರೆ ಒಪ್ಪಲಾಗದು.

ಎಸ್‌ಇಬಿ ಬದಲು ಪಿಎಂಎ ಮತ್ತು ಅಯೋನೋಮೈಸಿನ್ ಎಂಬ ರಾಸಾಯನಿಕಗಳನ್ನು ಬಳಸುವವರಿದ್ದಾರೆ. ಸದ್ದು ಜೋರು, ಆದರೆ ಪಿಎಂಎ ಕೋಶದ ಮೈಮೇಲಿನ ಸಿಡಿ4ನ್ನೇ ಒಳಕ್ಕೆ ಎಳೆಸಿಬಿಡುತ್ತದೆ. ಹೆಲ್ಪರ್ ಕೋಶವೇ ಕಾಣೆಯಾದಂತೆ ತೋರಿ ಹೊಸಬರು ಗಾಬರಿಯಾಗುತ್ತಾರೆ.

ಕೋಶಕ್ಕೆ ಆ ಎರಡನೇ ಒಪ್ಪಿಗೆ ಸಿಗಲೆಂದು ಸಿಡಿ28, ಸಿಡಿ49ಡಿ ವಿರುದ್ಧದ ಪ್ರತಿಕಾಯ ಮಿ.ಲೀ.ಗೆ ತಲಾ 1 ಮೈಕ್ರೋಗ್ರಾಂ ಎಲ್ಲ ಬಾವಿಗೂ. 37 ಡಿಗ್ರಿ, 5 ಶೇಕಡಾ ಇಂಗಾಲದ ಡೈಆಕ್ಸೈಡ್. ಒಂದೂವರೆ ಗಂಟೆಯ ನಂತರ ಬ್ರೆಫೆಲ್ಡಿನ್, ಮಿ.ಲೀ.ಗೆ 10 ಮೈಕ್ರೋಗ್ರಾಂ. ಇದು ಕೋಶದ ಹೊರಬಾಗಿಲಿಗೆ ಚಿಲಕ ಹಾಕುತ್ತದೆ: ತಯಾರಾದ ಇಂಟರ್‌ಫೆರಾನ್ ಹೊರಹೋಗದೆ ಒಳಗೇ ತುಂಬಿಕೊಳ್ಳುತ್ತದೆ, ಆಮೇಲೆ ಅದಕ್ಕೆ ಬಣ್ಣ ಹಚ್ಚಬಹುದು. ಮೊದಲೇ ಹಾಕಿದರೆ ಪೆಪ್ಟೈಡ್ ತೋರಿಸುವ ಕೆಲಸವೇ ಕುಂಠಿತ. ರಾತ್ರಿಯಿಡೀ ಬಿಟ್ಟರೆ ಕೋಶಕ್ಕೇ ವಿಷ. ಒಟ್ಟು ಆರು ಗಂಟೆಗೆ ನಿಲ್ಲಿಸಿ.

ಬೆಳಿಗ್ಗೆ ಎಂಟಕ್ಕೆ ಮಡಿಕೇರಿಯಲ್ಲಿ ತೆಗೆದ ರಕ್ತ ಮೈಸೂರು ತಲುಪಿ ಬಾವಿಗೆ ಬೀಳುವಷ್ಟರಲ್ಲಿ ಮೂರೂವರೆ, ಆರು ಗಂಟೆ ಮುಗಿಯುವಾಗ ರಾತ್ರಿ ಒಂಬತ್ತೂವರೆ. ಆಗ ತಟ್ಟೆಯನ್ನು 4 ಡಿಗ್ರಿಗೆ ಇಟ್ಟು ಮನೆಗೆ ಹೋಗಿ, ಬೆಳಿಗ್ಗೆ ಬಣ್ಣ ಹಚ್ಚಿ. ನಡುರಾತ್ರಿ ತೂಕಡಿಸುತ್ತಾ ಹಚ್ಚಿದ ಬಣ್ಣಕ್ಕಿಂತ ಇದು ವಾಸಿ.

ಬಣ್ಣ, ಯಂತ್ರ

ಮೊದಲು 2 ಮಿಲಿಮೋಲಾರ್ ಇಡಿಟಿಎ ಹಾಕಿ 15 ನಿಮಿಷ ಬಿಡಿ, ತಳಕ್ಕೆ ಅಂಟಿದವು ಬಿಡಿಸಿಕೊಳ್ಳಲಿ. ಎರಡು ಸಲ ಬರೀ ಪಿಬಿಎಸ್‌ನಲ್ಲಿ ತೊಳೆದು ಜೀವ-ಸಾವು ಬಣ್ಣ ಹಾಕಿ. ಈ ಬಣ್ಣ ಪ್ರೋಟೀನಿಗೆ ಅಂಟುವಂಥದ್ದು. ದ್ರವದಲ್ಲಿ ಸೀರಮ್ ಉಳಿದಿದ್ದರೆ ಬಣ್ಣವನ್ನೆಲ್ಲ ಅದೇ ಕುಡಿಯುತ್ತದೆ, ಸತ್ತ ಕೋಶ ಜೀವಂತವಾಗಿ ಕಾಣುತ್ತದೆ, ಸತ್ತ ಕೋಶಕ್ಕೆ ಯಾವ ಪ್ರತಿಕಾಯ ಬೇಕಾದರೂ ಅಂಟುತ್ತದೆ. ಆಮೇಲೆ ಮೇಲ್ಮೈಗೆ ಬಣ್ಣ ಕಟ್ಟಿದ ಪ್ರತಿಕಾಯಗಳು: ಸಿಡಿ4, ಸಿಡಿ8, ಜೊತೆಗೆ ಬೇಡದವನ್ನು (ಮಾನೋಸೈಟ್, ಬಿ ಕೋಶ) ಹೊರಗಿಡಲು ಸಿಡಿ14, ಸಿಡಿ19, ಅರ್ಧ ಗಂಟೆ ಕತ್ತಲಲ್ಲಿ. ಸ್ಥಿರಗೊಳಿಸಿ ರಂಧ್ರ ಕೊರೆಯುವ ದ್ರಾವಣ 20 ನಿಮಿಷ. ನಂತರ ಒಳಗಿನ ಬಣ್ಣ: ಇಂಟರ್‌ಫೆರಾನ್ ಗಾಮಾ, ಐಎಲ್-2, ಟಿಎನ್‌ಎಫ್, ಸಿಡಿ40 ಲೈಗ್ಯಾಂಡ್. ಟಿ ಕೋಶದ ಗುರುತಾದ ಸಿಡಿ3ನ್ನೂ ಈ ಹಂತಕ್ಕೇ ಇಟ್ಟುಕೊಳ್ಳಿ. ಎಚ್ಚರಗೊಂಡ ಕೋಶ ಅದನ್ನು ಒಳಗೆಳೆದುಕೊಂಡಿರುತ್ತದೆ, ಹೊರಗಿನಿಂದ ಹಚ್ಚಿದರೆ ನಮಗೆ ಬೇಕಾದ ಕೋಶವೇ ಮಂಕಾಗಿ ತಪ್ಪಿಹೋಗುತ್ತದೆ. ರಂಧ್ರ ದ್ರಾವಣದಲ್ಲಿ ತೊಳೆಯುವುದನ್ನು ಬಿಟ್ಟು ಸಾದಾ ಪಿಬಿಎಸ್ ಹಾಕಿದರೆ ರಂಧ್ರ ಮುಚ್ಚಿ ಒಳಗಿನ ಬಣ್ಣ ಸೇರುವುದಿಲ್ಲ. 24 ಗಂಟೆಯೊಳಗೆ ಯಂತ್ರಕ್ಕೆ ಕೊಡಿ.

ಯಂತ್ರದಲ್ಲಿ ಜಿಪುಣತನ ಬೇಡ, ಬಾವಿಯಲ್ಲಿರುವುದನ್ನೆಲ್ಲ ಓದಿಸಿ. ಯಾಕೆಂದರೆ ಡಿಎಂಎಸ್‌ಒ ಬಾವಿಯಲ್ಲಿ ಶೇಕಡಾ 0.01, ಸ್ಪೈಕ್ ಬಾವಿಯಲ್ಲಿ 0.06 ಬಂತು ಎನ್ನಿ. 2 ಲಕ್ಷ ಸಿಡಿ4 ಓದಿದ್ದರೆ ಅದು 20 ಕೋಶ ಮತ್ತು 120 ಕೋಶ, ನಿಸ್ಸಂಶಯದ ವ್ಯತ್ಯಾಸ. 20 ಸಾವಿರವಷ್ಟೇ ಓದಿದ್ದರೆ 2 ಮತ್ತು 12. ಒಂದೆರಡು ಧೂಳಿನ ಕಣ ಆ 2ನ್ನು 5 ಮಾಡಿಬಿಡಬಹುದು. ಡಿಎಂಎಸ್‌ಒ ಅಂಕಿಯನ್ನು ಕಳೆದು ಉಳಿದದ್ದೇ ಉತ್ತರ. ಅದು ಹಿನ್ನೆಲೆಯ ಎರಡು ಪಟ್ಟಾದರೂ ಇರಬೇಕು ಎಂಬಂಥ ನಿಯಮವನ್ನು ಪ್ರಯೋಗಕ್ಕೆ ಮುಂಚೆಯೇ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಗ್ರಾಫ್ ನೋಡಿದ ಮೇಲಲ್ಲ.

ಅಂಕಿ ವಿಚಿತ್ರವಾದರೆ ಹೀಗೆ ಯೋಚಿಸಿ. ಡಿಎಂಎಸ್‌ಒ ಬಾವಿಯೇ ಗದ್ದಲ ಮಾಡುತ್ತಿದ್ದರೆ ರಕ್ತ ಕೊಟ್ಟವರಿಗೆ ಆಗಲೇ ಬೇರೆ ಜ್ವರವಿತ್ತೋ, ಮಾಧ್ಯಮದ ಸೀರಮ್ಮಿನಲ್ಲಿ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ವಿಷ) ಇತ್ತೋ ನೋಡಿ. ಎಸ್‌ಇಬಿ ಬಾವಿಯೂ ಸುಮ್ಮನಿದ್ದರೆ ಕೋಶ ಸತ್ತಿದೆ, ಇಲ್ಲವೇ ಬ್ರೆಫೆಲ್ಡಿನ್ ಹಳತಾಗಿದೆ. ಆ ದಿನದ ಯಾವ «ಇಲ್ಲ» ಎಂಬುದನ್ನೂ ನಂಬಬೇಡಿ. ಎಸ್‌ಇಬಿ, ಸಿಎಂವಿ ಎರಡೂ ಚೆನ್ನಾಗಿದ್ದು ಸ್ಪೈಕ್ ಮಾತ್ರ ಸೊನ್ನೆಯಾದರೆ ಆಗ ಪೂಲ್ ಶೀಷೆಯನ್ನು ಅನುಮಾನಿಸಿ.

ಯಂತ್ರವೇ ಸಿಗದಿದ್ದರೆ

ಮಡಿಕೇರಿಯಲ್ಲೇ ಮುಗಿಸುವ ಬಡವರ ದಾರಿಯೊಂದಿದೆ. 1 ಮಿ.ಲೀ. ಹೆಪಾರಿನ್ ರಕ್ತಕ್ಕೆ ನೇರವಾಗಿ ಪೆಪ್ಟೈಡ್ ಬೆರೆಸಿ, 37 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಟ್ಟು, ಪ್ಲಾಸ್ಮಾ ತೆಗೆದು ಹೆಪ್ಪುಗಟ್ಟಿಸಿ, ಆಮೇಲೆ ಎಲೈಸಾದಲ್ಲಿ ಇಂಟರ್‌ಫೆರಾನ್ ಗಾಮಾ ಅಳೆಯುವುದು. ಬ್ರೆಫೆಲ್ಡಿನ್ ಬೇಡ, ಘಾಟಿಯ ಭಯವಿಲ್ಲ. ಆದರೆ ಇಂಟರ್‌ಫೆರಾನ್ ಸುರಿಸಿದ್ದು ಸಿಡಿ4 ಕೋಶವೋ ಸಿಡಿ8 ಕೋಶವೋ ಇದರಲ್ಲಿ ತಿಳಿಯುವುದಿಲ್ಲ, 15ರ ಪೆಪ್ಟೈಡ್ ಇಬ್ಬರನ್ನೂ ಎಬ್ಬಿಸುತ್ತದೆ. ಇನ್ನೊಂದು ಸೂಕ್ಷ್ಮ: ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕಡಿಮೆ. ಇನ್ಕ್ಯುಬೇಟರಿನಲ್ಲಿ ಅದೇ 5 ಶೇಕಡಾ ಇಟ್ಟರೂ ಇಂಗಾಲದ ಡೈಆಕ್ಸೈಡಿನ ನಿಜವಾದ ಒತ್ತಡ ಕೆಳಗಿನ ಊರಿಗಿಂತ ಕಡಿಮೆಯಾಗಿ ಮಾಧ್ಯಮ ಕೊಂಚ ಕ್ಷಾರವಾಗುತ್ತದೆ. 5.8ಕ್ಕೆ ಏರಿಸಿದರೆ ಸರಿದೂಗುತ್ತದೆ. ಆಟೋಕ್ಲೇವನ್ನೂ ಒತ್ತಡದ ಮುಳ್ಳು ನೋಡಿ ನಡೆಸಬೇಡಿ, 121 ಡಿಗ್ರಿಯ ತಾಪಮಾನ ನೋಡಿ ನಡೆಸಿ. 15 ಪೌಂಡ್ ತೋರಿಸುವಾಗ ಇಲ್ಲಿ ಒಳಗಿರುವುದು 119ರ ಸುಮಾರು.

ಅಂಕಿ ಏನು ಹೇಳುತ್ತದೆ

ಕೋವಿಶೀಲ್ಡ್ ಹಾಕಿಸಿಕೊಂಡವರ ಮೈಗೆ ಲಸಿಕೆ ತೋರಿಸಿದ್ದು ಸ್ಪೈಕ್ ಮಾತ್ರ. ಅವರ ಕೋಶಗಳು ಎಂ, ಎನ್ ಪೂಲ್‌ಗೂ ಎದ್ದರೆ ನಿಜವಾದ ಸೋಂಕೂ ಬಂದುಹೋಗಿರುವ ಸಾಧ್ಯತೆ ಹೆಚ್ಚು. ಕೊವ್ಯಾಕ್ಸಿನ್ ಇಡೀ ವೈರಸ್ಸನ್ನು ಕೊಂದು ಮಾಡಿದ್ದು, ಹಾಗಾಗಿ ಅದನ್ನು ಹಾಕಿಸಿಕೊಂಡವರಲ್ಲಿ ಈ ತರ್ಕ ನಡೆಯುವುದಿಲ್ಲ. ಯಾವ ಲಸಿಕೆ ಎಂದು ಕೇಳಿ ಬರೆದುಕೊಳ್ಳದಿದ್ದರೆ ಇಡೀ ಕೋಷ್ಟಕ ಹಾಳು. ನೆಗಡಿ ತರುವ ಹಳೆಯ ಕೊರೋನಾ ವೈರಸ್ಸುಗಳ ನೆನಪಿನಿಂದಲೂ ಸಣ್ಣ ಪ್ರತಿಕ್ರಿಯೆ ಬರುವುದುಂಟು. ಡೆಂಗಿಯಲ್ಲಿ ಇದು ಇನ್ನೂ ಹೆಚ್ಚು. ನಾಲ್ಕು ಬಗೆಯ ವೈರಸ್ಸುಗಳ ತುಂಡುಗಳು ಒಂದಕ್ಕೊಂದು ಹೋಲುತ್ತವೆ, ಯಾವುದು ತಗುಲಿತ್ತು ಎಂದು ಈ ಪರೀಕ್ಷೆಯಿಂದ ಹೇಳಲು ಹೋಗಬೇಡಿ.

ಇಂಟರ್‌ಫೆರಾನ್ ಬರಲಿಲ್ಲ ಎಂದ ಮಾತ್ರಕ್ಕೆ ಹೆಲ್ಪರ್ ಇಲ್ಲ ಎಂದಲ್ಲ. ಫಾಲಿಕ್ಯುಲರ್ ಹೆಲ್ಪರ್‌ಗಳು ಅದನ್ನು ಹೆಚ್ಚು ಮಾಡುವುದಿಲ್ಲ, ಸಿಡಿ40 ಲೈಗ್ಯಾಂಡ್ ತೋರಿಸುತ್ತವೆ. ಬಣ್ಣದ ಪಟ್ಟಿಯಿಂದ ಅದನ್ನು ಉಳಿತಾಯಕ್ಕೆಂದು ಕೈಬಿಟ್ಟರೆ ಅರ್ಧ ಕಥೆ ಕಳೆದಂತೆ. ರಕ್ತ ಕೊಟ್ಟವರು «ನನಗೆ ಇನ್ನೊಂದು ಡೋಸ್ ಬೇಕೇ» ಎಂದು ಕೇಳಿಯೇ ಕೇಳುತ್ತಾರೆ. ಇಷ್ಟು ಶೇಕಡಾ ಇದ್ದರೆ ರಕ್ಷಣೆ ಎಂಬ ಗೆರೆ ಈ ಪರೀಕ್ಷೆಗೆ ಇಲ್ಲ. ಹಾಗೆಂದೇ ಹೇಳಿ, ಡಾಕ್ಟರ ಬಳಿ ಕಳುಹಿಸಿ.

ಉಳಿದ ಕೋಶಗಳನ್ನು ಚೆಲ್ಲಬೇಡಿ. 90 ಶೇಕಡಾ ಸೀರಮ್, 10 ಶೇಕಡಾ ಡಿಎಂಎಸ್‌ಒ ಇರುವ ತಣ್ಣನೆಯ ದ್ರವದಲ್ಲಿ ಶೀಷೆಗೆ 50 ಲಕ್ಷದಿಂದ 1 ಕೋಟಿ. ನಿಮಿಷಕ್ಕೆ 1 ಡಿಗ್ರಿ ಇಳಿಸುವ ಐಸೋಪ್ರೊಪನಾಲ್ ಡಬ್ಬಿಯಲ್ಲಿ ರಾತ್ರಿ ಮೈನಸ್ 80, ಮರುದಿನ ದ್ರವ ಸಾರಜನಕ. ಮೈನಸ್ 80ರಲ್ಲೇ ತಿಂಗಳುಗಟ್ಟಲೆ ಮರೆತರೆ ಕರಗಿಸಿದಾಗ ಹೆಲ್ಪರ್ ಕೋಶಗಳ ಕೂಗು ಕ್ಷೀಣಿಸಿರುತ್ತದೆ. ರಕ್ತ ತಗುಲಿದ ಪಿಪೆಟ್, ದ್ರವಗಳಿಗೆ 1 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್, ಸೂಜಿ ಬಿಳಿ ಡಬ್ಬಿಗೆ, ಪ್ಲಾಸ್ಟಿಕ್ ಕೆಂಪು ಚೀಲಕ್ಕೆ. ಶೀಷೆಯ ಮೇಲೆ ಸಂಕೇತ ಸಂಖ್ಯೆ, ದಿನಾಂಕ, ಕೋಶದ ಲೆಕ್ಕ, ರಕ್ತ ತೆಗೆದ ಗಂಟೆ, ಫೈಕಾಲ್‌ಗೆ ಹಾಕಿದ ಗಂಟೆ ಇವಿಷ್ಟನ್ನು ಚಳಿಗೆ ಅಳಿಸದ ಲೇಬಲ್ಲಿನಲ್ಲಿ ಬರೆಯಿರಿ. ಹೆಸರು ಬೇಡ.